ಹಳೆಯ ಅಲಾರಂ ಹೋಗಲಿ, ಗೋಡೆಯೊಳಗಿನ ವೈರು ಇರಲಿ

ಪ್ರಶ್ನೆ: ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಇತ್ತೀಚೆಗೆ ಮನೆ ಕೊಂಡಿದ್ದೇವೆ. 1994ರಲ್ಲಿ ಕಟ್ಟಿದ ಮನೆ. ಬೇಸ್‌ಮೆಂಟಿನ ಗೋಡೆಗೆ ಒಂದು ತಗಡಿನ ಡಬ್ಬ ಬಡಿದಿದ್ದಾರೆ. ತೆಗೆದು ನೋಡಿದರೆ ಒಳಗೆ ಒಂದು ಬೋರ್ಡು, ಕಪ್ಪು ಬ್ಯಾಟರಿ, ವೈರುಗಳ ಗೊಂಚಲು. ಮುಂಬಾಗಿಲ ಹತ್ತಿರದ ಕೀಪ್ಯಾಡ್ ರಾತ್ರಿ ಹೊತ್ತು ಬೀಪ್ ಬೀಪ್ ಎನ್ನುತ್ತಿರುತ್ತದೆ. ವಿಚಾರಿಸಿದ ಅಲಾರಂ ಕಂಪನಿಯವರು, ‘ಹಳೆಯ ವೈರಿನಿಂದ ಏನೂ ಪ್ರಯೋಜನವಿಲ್ಲ, ಎಲ್ಲ ಕತ್ತರಿಸಿ ಹಾಕಿ ವೈರ್‌ಲೆಸ್ ಸೆನ್ಸರ್ ಕೂರಿಸಿಕೊಡುತ್ತೇವೆ’ ಎನ್ನುತ್ತಾರೆ. ಇದು ನಿಜವೇ? ಹಳೆಯ ವೈರುಗಳನ್ನೇ ಇಟ್ಟುಕೊಂಡು ಹೊಸ ಅಲಾರಂ ಹಾಕಿಕೊಳ್ಳಲು ಆಗುವುದಿಲ್ಲವೇ? ನನಗೆ ಸಣ್ಣಪುಟ್ಟ ಎಲೆಕ್ಟ್ರಿಕಲ್ ಕೆಲಸ ಮಾಡಿ ಅಭ್ಯಾಸವಿದೆ.

ಉತ್ತರ: ಖಂಡಿತ ಆಗುತ್ತದೆ. ಕತ್ತರಿಸಲು ಮಾತ್ರ ಯಾರಿಗೂ ಬಿಡಬೇಡಿ. ನಿಮ್ಮ ಮನೆಯ ಅಲಾರಂನಲ್ಲಿ ಹಳತಾಗಿರುವುದು ಡಬ್ಬದೊಳಗಿನ ಬೋರ್ಡು (ಇದನ್ನೇ ಪ್ಯಾನೆಲ್ ಎನ್ನುವುದು), ಅದರ ಬ್ಯಾಟರಿ, ಮತ್ತು ಅದು ಹೊರಗೆ ಸುದ್ದಿ ಮುಟ್ಟಿಸುತ್ತಿದ್ದ ದಾರಿ. ಈ ಮೂರೂ ಬದಲಾಗಬೇಕಾದವೇ. ಗೋಡೆಯೊಳಗಿನ ತಾಮ್ರಕ್ಕೆ ಏನೂ ಆಗಿಲ್ಲ. ಮನೆ ಕಟ್ಟುವಾಗ, ಗೋಡೆಯ ಮರದ ಚೌಕಟ್ಟಿಗೆ ಹಲಗೆ ಬಡಿಯುವ ಮೊದಲು, ಪ್ರತಿ ಬಾಗಿಲು ಪ್ರತಿ ಕಿಟಕಿಯಿಂದ ಬೇಸ್‌ಮೆಂಟಿನವರೆಗೆ ಎಳೆದ ವೈರು ಅದು. ಇವತ್ತು ಅದೇ ಕೆಲಸವನ್ನು ಗೋಡೆ ಕೊರೆದು ಮಾಡಿಸಲು ಹೊರಟರೆ ಕೂಲಿಯೇ ಹೊಸ ಅಲಾರಂನ ಬೆಲೆಯನ್ನು ಮೀರಿಸುತ್ತದೆ.

ಇಷ್ಟು ಹಳೆಯ ವೈರು ಹೊಸ ಯಂತ್ರಕ್ಕೆ ಹೇಗೆ ಹೊಂದೀತು ಎಂಬ ಅನುಮಾನ ಸಹಜ. ಹೊಂದುತ್ತದೆ, ಏಕೆಂದರೆ ಈ ವಿದ್ಯೆಯ ಬುಡದಲ್ಲಿರುವುದು ಬರಿಯ ಒಂದು ಸ್ವಿಚ್ಚು. 1853ರಲ್ಲಿ ಮ್ಯಾಸಚೂಸೆಟ್ಸ್‌ನ ಸಾಮರ್‌ವಿಲ್ ಊರಿನ ಆಗಸ್ಟಸ್ ರಸೆಲ್ ಪೋಪ್ ಎಂಬಾತ, ಬಾಗಿಲು ತೆರೆದರೆ ವಿದ್ಯುತ್ ಹರಿದು ಗಂಟೆ ಬಡಿಯುವ ಉಪಕರಣಕ್ಕೆ ಪೇಟೆಂಟ್ ಪಡೆದ. ಅದರ ಹಕ್ಕನ್ನು ಕೊಂಡ ಎಡ್ವಿನ್ ಹೋಮ್ಸ್ ನ್ಯೂಯಾರ್ಕಿನಲ್ಲಿ ಅದನ್ನೊಂದು ದೊಡ್ಡ ಉದ್ಯಮವಾಗಿ ಬೆಳೆಸಿದ. ಆಮೇಲೆ ತತ್ವ ಒಂದು ಮಗ್ಗುಲು ಬದಲಿಸಿತು: ಬಾಗಿಲು ಮುಚ್ಚಿರುವಾಗಲೇ ಸಣ್ಣ ಪ್ರಮಾಣದ ವಿದ್ಯುತ್ ಸದಾ ಹರಿಯುತ್ತಿರಬೇಕು, ಬಾಗಿಲು ತೆರೆದರೂ ಸರಿ, ಯಾರಾದರೂ ವೈರು ಕತ್ತರಿಸಿದರೂ ಸರಿ, ಹರಿವು ನಿಲ್ಲಬೇಕು, ಅಲಾರಂ ಕೂಗಬೇಕು. ನಿಮ್ಮ ಮನೆಯಲ್ಲಿರುವುದು ಈ ಬಗೆಯದು.

ಬಾಗಿಲ ಚೌಕಟ್ಟಿನ ಮೇಲ್ತುದಿಯನ್ನು ಒಮ್ಮೆ ಗಮನಿಸಿ. ಕಿರುಬೆರಳ ತುದಿಯಷ್ಟಗಲದ ಬಿಳಿಯ ಪ್ಲಾಸ್ಟಿಕ್ ಬಿಲ್ಲೆಯೊಂದು ಮರದೊಳಗೆ ಹುದುಗಿರುತ್ತದೆ. ಅದರ ನೇರಕ್ಕೆ ಬಾಗಿಲ ಅಂಚಿನಲ್ಲಿ ಇನ್ನೊಂದು. ಬಾಗಿಲಲ್ಲಿರುವುದು ಆಯಸ್ಕಾಂತ. ಚೌಕಟ್ಟಿನಲ್ಲಿರುವುದು ರೀಡ್ ಸ್ವಿಚ್, ಅಂದರೆ ಸಣ್ಣದೊಂದು ಗಾಜಿನ ನಳಿಕೆಯೊಳಗೆ ತುದಿಗೆ ತುದಿ ತಾಗಿಯೂ ತಾಗದಂತಿರುವ ಎರಡು ತೆಳು ಲೋಹದ ಪಟ್ಟಿಗಳು. ಆಯಸ್ಕಾಂತ ಹತ್ತಿರ ಬಂದರೆ ಪಟ್ಟಿಗಳು ಅಂಟಿಕೊಳ್ಳುತ್ತವೆ, ದೂರ ಹೋದರೆ ಬಿಡುತ್ತವೆ. 1936ರಲ್ಲಿ ಬೆಲ್ ಟೆಲಿಫೋನ್ ಪ್ರಯೋಗಾಲಯದಲ್ಲಿ ವಾಲ್ಟರ್ ಎಲ್‌ವುಡ್ ಕಂಡುಹಿಡಿದ ಸ್ವಿಚ್ಚು ಇದು. ಗಾಜಿನೊಳಗೆ ಮುಚ್ಚಿರುವುದರಿಂದ ತುಕ್ಕಿಲ್ಲ, ಧೂಳಿಲ್ಲ. ಇದಕ್ಕೆ ಬ್ಯಾಟರಿ ಬೇಡ, ಸಾಫ್ಟ್‌ವೇರ್ ಇಲ್ಲ, ಯಾವ ಕಂಪನಿಯ ಹಂಗೂ ಇಲ್ಲ. 1994ರ ಸ್ವಿಚ್ಚನ್ನು ಇಂದಿನ ಯಾವ ವೈರು ಸೇರಿಸಬಲ್ಲ ಪ್ಯಾನೆಲ್ಲಿಗೆ ಸೇರಿಸಿದರೂ ಅದು ಹೇಳುವುದು ಎರಡೇ ಮಾತು, ಮುಚ್ಚಿದೆ ಅಥವಾ ತೆರೆದಿದೆ.

ಹಾಗಾದರೆ ಜನ ಇಂಥ ಅಲಾರಂಗಳನ್ನು ಕಿತ್ತುಹಾಕುತ್ತಿರುವುದೇಕೆ? ಸುದ್ದಿ ಮುಟ್ಟಿಸುವ ದಾರಿ ಮುಚ್ಚಿಹೋದದ್ದರಿಂದ. ಆ ಕಾಲದ ಪ್ಯಾನೆಲ್ಲುಗಳು ಲ್ಯಾಂಡ್‌ಲೈನ್ ಫೋನಿನ ಮೂಲಕ ನಿಗಾ ಕೇಂದ್ರಕ್ಕೆ ಡಯಲ್ ಮಾಡುತ್ತಿದ್ದವು. ಲ್ಯಾಂಡ್‌ಲೈನ್ ಬಹುಪಾಲು ಮನೆಗಳಿಂದ ಮರೆಯಾಯಿತು. ಅದರ ಜಾಗಕ್ಕೆ ಮೊಬೈಲ್ ಜಾಲದ ಟ್ರಾನ್ಸ್‌ಮಿಟರ್ ಹಾಕಿಸಿಕೊಂಡವರಿಗೆ ಪೆಟ್ಟು ಮತ್ತೆ ಮತ್ತೆ ಬಿತ್ತು. ಎಟಿ ಅಂಡ್ ಟಿ ತನ್ನ 2ಜಿಯನ್ನು 2017ರ ಆರಂಭದಲ್ಲಿ ನಿಲ್ಲಿಸಿತು, 3ಜಿಯನ್ನು 2022ರ ಫೆಬ್ರುವರಿಯಲ್ಲಿ. ಅದೇ ವರ್ಷ ಮುಗಿಯುವಷ್ಟರಲ್ಲಿ ಟಿ-ಮೊಬೈಲ್, ವೆರೈಜನ್‌ಗಳ 3ಜಿಯೂ ನಿಂತಿತು. ಪ್ಯಾನೆಲ್ ಒಳಗಿನದೆಲ್ಲ ಸರಿಯಿದ್ದರೂ ಕೂಗು ಮನೆಯಾಚೆ ಹೋಗದಾಯಿತು. ಆಗ ಬಂದ ಮಾರಾಟಗಾರರು ಟ್ರಾನ್ಸ್‌ಮಿಟರ್ ಒಂದನ್ನೇ ಬದಲಿಸುವ ಬದಲು ಇಡೀ ಸರಂಜಾಮನ್ನೇ ಬದಲಿಸಿ ಎಂದರು. ವೈರ್‌ಲೆಸ್ ಸೆನ್ಸರನ್ನು ಎರಡು ಬದಿಯ ಅಂಟುಪಟ್ಟಿಯಿಂದ ಅಂಟಿಸಿದರೆ ಮುಗಿಯಿತು, ಕೆಲಸಗಾರನ ಸಮಯ ಉಳಿಯುತ್ತದೆ. ಹಳೆಯ ವೈರನ್ನು ಓದಿ ಅರ್ಥಮಾಡಿಕೊಳ್ಳಲು ಅರ್ಧ ದಿನ ಬೇಕು.

ವೈರ್‌ಲೆಸ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ವೈರು ಇಲ್ಲದ ಮನೆಗೆ ಅದೇ ಸರಿ. ಆದರೆ ಇಪ್ಪತ್ತು ಕಿಟಕಿಗೆ ಇಪ್ಪತ್ತು ಸೆನ್ಸರ್ ಎಂದರೆ ಇಪ್ಪತ್ತು ಬ್ಯಾಟರಿ, ಕೆಲವು ವರ್ಷಕ್ಕೊಮ್ಮೆ ಇಪ್ಪತ್ತು ಸಲ ಏಣಿ. ಹನಿವೆಲ್‌ನದು 345 ಮೆಗಾಹರ್ಟ್ಸ್, ಡಿಎಸ್‌ಸಿಯದು 433 ಮೆಗಾಹರ್ಟ್ಸ್, ಜಿಇಯದು 319.5 ಎಂದು ಒಂದೊಂದು ಕಂಪನಿಗೆ ಒಂದೊಂದು ಆವರ್ತನ ಇದ್ದುದರಿಂದ, ನಾಳೆ ಕಂಪನಿ ಬದಲಿಸಿದರೆ ಸೆನ್ಸರುಗಳನ್ನೂ ಬದಲಿಸಬೇಕಾಗಿ ಬರಬಹುದು. ನಿಮ್ಮಲ್ಲಿರುವ ವೈರಿಗೆ ಈ ಕಾಟವಿಲ್ಲ.

ಈಗ ಕೆಲಸದ ಮಾತಿಗೆ ಬರೋಣ. ಮೊದಲು ಆ ಬೀಪ್. ಬಹುಪಾಲು ಅದು ಬ್ಯಾಟರಿಯ ಗೋಳು. ಡಬ್ಬದಲ್ಲಿರುವುದು 12 ವೋಲ್ಟಿನ, 4 ಅಥವಾ 7 ಆಂಪಿಯರ್-ಅವರ್‌ನ ಮುಚ್ಚಿದ ಲೆಡ್-ಆಸಿಡ್ ಬ್ಯಾಟರಿ. ಅದರ ಆಯಸ್ಸು ಮೂರರಿಂದ ಐದು ವರ್ಷ. ಪಕ್ಕ ಉಬ್ಬಿದ್ದರೆ ಆಗಲೇ ಮುಗಿದಿದೆ. ಹೇಗೂ ಪ್ಯಾನೆಲ್ ತೆಗೆಯುವವನು ಹೊಸ ಬ್ಯಾಟರಿಗೆ ಹಣ ಯಾಕೆ ಹಾಕಲಿ ಎನ್ನಬೇಡಿ. ಹಾಕಿ. ಅದೇ ಬ್ಯಾಟರಿ ಹೊಸ ಪ್ಯಾನೆಲ್ಲಿಗೂ ಸಾಮಾನ್ಯವಾಗಿ ಹೊಂದುತ್ತದೆ. ಅದಕ್ಕಿಂತ ಹೆಚ್ಚಾಗಿ, ಹಳೆಯ ಪ್ಯಾನೆಲ್ ಇನ್ನೊಂದು ದಿನ ನೆಟ್ಟಗೆ ಕೆಲಸ ಮಾಡುವುದು ನಿಮಗೆ ಬಹಳ ಮುಖ್ಯ. ಯಾವ ವೈರು ಯಾವ ಕಿಟಕಿಯದು ಎಂಬುದು ಈಗ ಗೊತ್ತಿರುವುದು ಅದಕ್ಕೊಂದಕ್ಕೇ. ಹಳೆಯ ಬ್ಯಾಟರಿಯನ್ನು ಕಸದ ಬುಟ್ಟಿಗೆ ಹಾಕಬೇಡಿ, ಅದರಲ್ಲಿ ಸೀಸವಿದೆ. ಕಾರಿನ ಬ್ಯಾಟರಿ ಮಾರುವ ಅಂಗಡಿಯಲ್ಲಿ ಕೇಳಿ, ಅನೇಕ ಕಡೆ ತೆಗೆದುಕೊಳ್ಳುತ್ತಾರೆ.

ಪ್ಯಾನೆಲ್ ಬದುಕಿದ ಮೇಲೆ ಕೀಪ್ಯಾಡಿನಲ್ಲಿ ಚೈಮ್ ಹಾಕಿ, ಅಂದರೆ ಬಾಗಿಲು ಕಿಟಕಿ ತೆರೆದಾಗ ಸದ್ದು ಮಾಡುವ ಸೌಲಭ್ಯ. ಮನೆಯವರೊಬ್ಬರು ಕೀಪ್ಯಾಡ್ ಮುಂದೆ ನಿಲ್ಲಲಿ, ಇನ್ನೊಬ್ಬರು ಪ್ರತಿ ಬಾಗಿಲು, ಪ್ರತಿ ಕಿಟಕಿಯನ್ನು ಒಂದೊಂದಾಗಿ ತೆರೆದು ಮುಚ್ಚಲಿ. ತೆರೆದಾಗ ಕೀಪ್ಯಾಡ್ ತೋರಿಸುವ ಝೋನ್ ಸಂಖ್ಯೆಯನ್ನು, ಅಂದರೆ ಆ ವೈರು ಪ್ಯಾನೆಲ್ಲಿನ ಯಾವ ವಿಭಾಗಕ್ಕೆ ಸೇರಿದೆ ಎಂಬ ಅಂಕಿಯನ್ನು, ಬರೆದುಕೊಳ್ಳಿ. ಅಡುಗೆಮನೆಯ ಮೂರು ಕಿಟಕಿಗೂ ಒಂದೇ ಸಂಖ್ಯೆ ಬಂದರೆ ಅವು ಸಾಲಾಗಿ ಒಂದೇ ಝೋನಿಗೆ ಸೇರಿವೆ ಎಂದರ್ಥ. ಆ ಕಾಲದ ಪ್ಯಾನೆಲ್ಲುಗಳಲ್ಲಿ ಸಾಮಾನ್ಯವಾಗಿ ಆರೋ ಎಂಟೋ ಝೋನ್ ಇರುತ್ತಿದ್ದುದರಿಂದ ಹೀಗೆ ಕೂಡಿಸದೆ ಗತಿಯಿರಲಿಲ್ಲ. ಯಾವುದಾದರೂ ಕಿಟಕಿ ತೆರೆದಾಗ ಏನೂ ತೋರದಿದ್ದರೆ ಅದರ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಅದಕ್ಕೆ ಆಮೇಲೆ ಬರೋಣ.

ಈ ಪಟ್ಟಿ ಕೈಗೆ ಬಂದ ಮೇಲಷ್ಟೇ ಡಬ್ಬಕ್ಕೆ ಕೈ ಹಾಕುವುದು. ನಿಗಾ ಕೇಂದ್ರದ ಚಂದಾ ಇನ್ನೂ ಇದ್ದರೆ ಮೊದಲು ಅವರಿಗೆ ಫೋನ್ ಮಾಡಿ ಪರೀಕ್ಷಾ ಸ್ಥಿತಿಯಲ್ಲಿ ಇಡಲು ಹೇಳಿ, ಇಲ್ಲದಿದ್ದರೆ ಪೊಲೀಸರು ಬಾಗಿಲಿಗೆ ಬಂದಾರು. ಹತ್ತಿರದ ಪ್ಲಗ್ಗಿಗೆ ಸ್ಕ್ರೂ ಹಾಕಿ ಬಿಗಿದಿರುವ ಚೌಕಾಕಾರದ ಟ್ರಾನ್ಸ್‌ಫಾರ್ಮರ್ ಒಂದಿರುತ್ತದೆ, 120 ವೋಲ್ಟನ್ನು 16.5 ವೋಲ್ಟಿಗೆ ಇಳಿಸುವಂಥದು. ಅದನ್ನು ಪ್ಲಗ್ಗಿನಿಂದ ತೆಗೆಯಿರಿ. ಬ್ಯಾಟರಿಯ ವೈರನ್ನೂ ಬಿಡಿಸಿ. ಈಗ ಬೋರ್ಡಿನಲ್ಲಿ ಜೀವವಿಲ್ಲ. ಒಳ್ಳೆಯ ಬೆಳಕಿನಲ್ಲಿ ಬೋರ್ಡಿನ ಪ್ರತಿ ಅಂಚಿನ ಫೋಟೊ ತೆಗೆಯಿರಿ, ಟರ್ಮಿನಲ್ ಸಂಖ್ಯೆಯೂ ವೈರಿನ ಬಣ್ಣವೂ ಒಟ್ಟಿಗೆ ಕಾಣುವಂತೆ. ಆಮೇಲೆ ಒಂದೊಂದು ವೈರಿಗೂ ಕಾಗದದ ಟೇಪು ಸುತ್ತಿ ಝೋನ್ ಸಂಖ್ಯೆ ಬರೆದು, ಅನಂತರ ಸ್ಕ್ರೂ ಸಡಿಲಿಸಿ. ಡಬ್ಬದೊಳಗೆ ಬರುವ ಸಣ್ಣ ವೈರುಗಳಲ್ಲಿ ಎರಡು ಎಳೆಯವು ಬಾಗಿಲು ಕಿಟಕಿಗಳವು, ನಾಲ್ಕು ಎಳೆಯವು ಕೀಪ್ಯಾಡಿನದೋ ಚಲನೆ ಗುರುತಿಸುವ ಮೋಷನ್ ಸೆನ್ಸರಿನದೋ ಆಗಿರುವುದೇ ಹೆಚ್ಚು. ನಾಲ್ಕರಲ್ಲಿ ಕೆಂಪು ಕಪ್ಪು ವಿದ್ಯುತ್ತಿಗೆ, ಹಸಿರು ಹಳದಿ ಸುದ್ದಿಗೆ ಎಂಬುದು ರೂಢಿ. ರೂಢಿಯನ್ನು ಎಲ್ಲರೂ ಪಾಲಿಸಿರುವುದಿಲ್ಲ, ಹಾಗಾಗಿ ನಿಮ್ಮ ಫೋಟೊವನ್ನೇ ನಂಬಿ.

ಇನ್ನು ಮಲ್ಟಿಮೀಟರ್. ಈ ಇಡೀ ಕೆಲಸದಲ್ಲಿ ನಿಮಗೆ ಅತ್ಯಂತ ಉಪಕಾರಿಯಾಗುವ ಉಪಕರಣ ಇದೇ. ಟರ್ಮಿನಲ್‌ನಿಂದ ಬಿಡಿಸಿದ ಒಂದು ಜೋಡಿ ವೈರಿನ ತುದಿಗಳಿಗೆ ಮೀಟರಿನ ಕಡ್ಡಿ ಹಿಡಿದು ಓಮ್ ಎಷ್ಟೆಂದು ನೋಡಿ, ಬಾಗಿಲು ಮುಚ್ಚಿರುವಾಗ ಒಮ್ಮೆ, ತೆರೆದಾಗ ಒಮ್ಮೆ. ಅಲಾರಂಗೆ ಬಳಸುವ 22 ಗೇಜಿನ ತಾಮ್ರದ ವೈರು ಸಾವಿರ ಅಡಿಗೆ ಸುಮಾರು 16 ಓಮ್ ತಡೆ ಒಡ್ಡುತ್ತದೆ. ಬಾಗಿಲು ನೂರು ಅಡಿ ದೂರದಲ್ಲಿದ್ದರೆ ಹೋಗಿ ಬರುವ ವೈರು ಇನ್ನೂರು ಅಡಿ, ಅಂದರೆ ಮೂರು ಓಮ್ ಚಿಲ್ಲರೆ. ಬಾಗಿಲು ಮುಚ್ಚಿರುವಾಗ ಮೀಟರ್ 3 ತೋರಿಸಿ, ತೆರೆದಾಗ ಅನಂತಕ್ಕೆ ಹಾರಿದರೆ ಆ ವೈರು, ಆ ಸ್ವಿಚ್ಚು, ಎರಡೂ ಹೊಸದರಷ್ಟೇ ಚೆನ್ನಾಗಿವೆ. ಮೂರರ ಬದಲು ನಲವತ್ತೋ ಐವತ್ತೋ ತೋರಿಸಿ, ಬಾಗಿಲು ತಟ್ಟಿದರೆ ಅಂಕಿ ಕುಣಿದರೆ, ಎಲ್ಲೋ ಒಂದು ಜೋಡಣೆ ಸಡಿಲವಾಗಿದೆ ಅಥವಾ ಹಸಿರುಗಟ್ಟಿದೆ. ಹೆಚ್ಚಾಗಿ ಅದು ಸ್ವಿಚ್ಚಿನ ಹಿಂಬದಿಯಲ್ಲೇ, ಎಳೆದರೆ ಹೊರಬರುವ ಜಾಗದಲ್ಲೇ ಇರುತ್ತದೆ. ಬೆಸುಗೆ ಹಾಕಿದರೆ ಸರಿಹೋಗುತ್ತದೆ.

ಕೆಲವು ಜೋಡಿಗಳಲ್ಲಿ ಮೀಟರ್ 3ರ ಬದಲು 2,003 ಎಂದು ತೋರಿಸೀತು. ಹೆದರಬೇಡಿ, ಅದು ದೋಷವಲ್ಲ. ಯಾರೋ ಕೆಲಸ ಬಲ್ಲವರು ಸ್ವಿಚ್ಚಿನ ಪಕ್ಕದಲ್ಲೇ, ವೈರಿನ ಕಟ್ಟಕಡೆಯಲ್ಲಿ, ಒಂದು ರೆಸಿಸ್ಟರ್ ಸೇರಿಸಿದ್ದಾರೆ. ಈ ರೆಸಿಸ್ಟರ್ ಯಾಕೆ ಎಂಬುದನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ಸಲೀಸು. ಬರಿಯ ವೈರಾದರೆ ಪ್ಯಾನೆಲ್ಲಿಗೆ ಗೊತ್ತಾಗುವುದು ಹರಿವಿದೆಯೇ ಇಲ್ಲವೇ ಎಂಬುದಷ್ಟೇ. ದಾರಿಯ ನಡುವೆ ಎಲ್ಲಾದರೂ ಎರಡು ಎಳೆ ಒಂದಕ್ಕೊಂದು ತಾಗಿಬಿಟ್ಟರೆ, ಗೋಡೆಗೆ ಹೊಡೆದ ಮೊಳೆ ವೈರನ್ನು ಚುಚ್ಚಿ ಎರಡನ್ನೂ ಕೂಡಿಸಿದರೆ, ಬಾಗಿಲು ತೆರೆದರೂ ಹರಿವು ನಿಲ್ಲುವುದಿಲ್ಲ, ಪ್ಯಾನೆಲ್ ಎಲ್ಲ ಕ್ಷೇಮ ಎಂದೇ ತಿಳಿದಿರುತ್ತದೆ. ತುದಿಯಲ್ಲಿ ರೆಸಿಸ್ಟರ್ ಇದ್ದರೆ ಪ್ಯಾನೆಲ್ಲಿಗೆ ಮೂರು ಸ್ಥಿತಿ ತಿಳಿಯುತ್ತದೆ: 2,000 ಓಮ್ ಕಂಡರೆ ಕ್ಷೇಮ, ಅನಂತ ಕಂಡರೆ ಬಾಗಿಲು ತೆರೆದಿದೆ ಅಥವಾ ವೈರು ತುಂಡಾಗಿದೆ, ಸೊನ್ನೆ ಕಂಡರೆ ವೈರು ಶಾರ್ಟ್ ಆಗಿದೆ.

ಎಷ್ಟು ಓಮ್ ಎಂಬುದು ಕಂಪನಿಗೆ ತಕ್ಕಂತೆ ಬೇರೆ. ಆಡೆಮ್ಕೊ ಮತ್ತು ಹನಿವೆಲ್ ವಿಸ್ಟಾ ಪ್ಯಾನೆಲ್ಲುಗಳಿಗೆ 2,000, ಡಿಎಸ್‌ಸಿಗೆ 5,600, ಜಿಇಯ ಎನ್‌ಎಕ್ಸ್ ಮಾದರಿಗೆ 3,300. ರೆಸಿಸ್ಟರ್ ಕೈಗೆ ಸಿಕ್ಕರೆ ಅದರ ಮೈಮೇಲಿನ ಪಟ್ಟೆಗಳೇ ಹೇಳುತ್ತವೆ. ಕೆಂಪು-ಕಪ್ಪು-ಕೆಂಪು ಎಂದರೆ 2,000. ಹಸಿರು-ನೀಲಿ-ಕೆಂಪು ಎಂದರೆ 5,600. ಕಿತ್ತಳೆ-ಕಿತ್ತಳೆ-ಕೆಂಪು ಎಂದರೆ 3,300. ಕೊನೆಯ ಚಿನ್ನದ ಪಟ್ಟೆ ಶೇಕಡಾ 5ರಷ್ಟು ಹೆಚ್ಚುಕಡಿಮೆ ಇರಬಹುದೆಂಬ ಗುರುತು. ಎಷ್ಟೋ ಮನೆಗಳಲ್ಲಿ ಈ ರೆಸಿಸ್ಟರ್‌ಗಳು ವೈರಿನ ತುದಿಯಲ್ಲಿರದೆ ಡಬ್ಬದೊಳಗೇ, ಟರ್ಮಿನಲ್ಲಿನ ಬುಡದಲ್ಲೇ, ಇರುತ್ತವೆ. ಅಲಾರಂ ಕೆಲಸ ಮಾಡುತ್ತದೆ ನಿಜ, ಆದರೆ ಶಾರ್ಟ್ ಪತ್ತೆಹಚ್ಚುವ ಅದರ ಉದ್ದೇಶವೇ ಅಲ್ಲಿ ಕೈಬಿಟ್ಟುಹೋಗಿರುತ್ತದೆ. ಬೇಗ ಮುಗಿಸಿ ಮುಂದಿನ ಮನೆಗೆ ಹೋಗುವ ಆತುರ ಅದು. ಅಂಥ ಕಡೆ ಹೊಸ ಪ್ಯಾನೆಲ್ ಹಾಕುವಾಗ ಕನಿಷ್ಠ ಮುಂಬಾಗಿಲು, ಹಿಂಬಾಗಿಲುಗಳ ರೆಸಿಸ್ಟರನ್ನಾದರೂ ಸ್ವಿಚ್ಚಿನ ಬಳಿಗೆ ಒಯ್ಯಿರಿ ಎಂದು ನಾನು ಒತ್ತಾಯಿಸುತ್ತೇನೆ.

ಹಳೆಯದು 2,000 ಓಮ್‌ನದಾಗಿದ್ದು ಹೊಸ ಪ್ಯಾನೆಲ್ 5,600 ಕೇಳಿದರೆ? ಗೋಡೆ ಬಗೆಯಬೇಕಿಲ್ಲ. ಡಬ್ಬದೊಳಗೆ ಆ ವೈರಿನ ಸಾಲಿಗೆ 3,600 ಓಮ್‌ನ ಇನ್ನೊಂದು ರೆಸಿಸ್ಟರ್ ಸೇರಿಸಿದರೆ ಮೊತ್ತ 5,600 ಆಗುತ್ತದೆ. ಬಾಗಿಲು ತೆರೆದದ್ದು ಸರಿಯಾಗಿಯೇ ತಿಳಿಯುತ್ತದೆ, ಶಾರ್ಟ್ ಪತ್ತೆ ಮಾತ್ರ ಮೊದಲಿನಷ್ಟು ಖಚಿತವಲ್ಲ. ಇದರ ತಿರುಗುಮುರುಗು ಆಗದು. 5,600 ಇರುವುದನ್ನು ಡಬ್ಬದೊಳಗೆ ಪಕ್ಕಪಕ್ಕ ರೆಸಿಸ್ಟರ್ ಕೂಡಿಸಿ 2,000ಕ್ಕೆ ಇಳಿಸಲು ಹೋದರೆ, ಬಾಗಿಲು ತೆರೆದಾಗಲೂ ಆ ಪಕ್ಕದ ರೆಸಿಸ್ಟರ್ ಮೂಲಕ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಕಳ್ಳ ಒಳಗೆ ಬಂದರೂ ಪ್ಯಾನೆಲ್ ಸುಮ್ಮನಿದ್ದೀತು. ಅಲ್ಲಿ ಸ್ವಿಚ್ಚಿನವರೆಗೆ ಹೋಗಿ ರೆಸಿಸ್ಟರನ್ನೇ ಬದಲಿಸಬೇಕು. ಈ ಫಜೀತಿಯೇ ಬೇಡವೆಂದರೆ, 1,000ದಿಂದ 10,000 ಓಮ್ ಒಳಗೆ ಯಾವ ರೆಸಿಸ್ಟರ್ ಇದ್ದರೂ ತಾನೇ ಅಳೆದು ನೆನಪಿಟ್ಟುಕೊಳ್ಳುವ ಮಾಡ್ಯೂಲುಗಳು ಈಗ ಬಂದಿವೆ.

ಮೋಷನ್ ಸೆನ್ಸರುಗಳ ವೈರನ್ನು ಅಳೆಯುವಾಗ ಒಂದು ಎಚ್ಚರಿಕೆ. ಅವುಗಳೊಳಗಿನ ರಿಲೇ 12 ವೋಲ್ಟ್ ವಿದ್ಯುತ್ ಇದ್ದಾಗ ಮಾತ್ರ ಮುಚ್ಚಿರುತ್ತದೆ. ಪ್ಯಾನೆಲ್ ಆರಿಸಿ ಅಳೆದರೆ ಹೆಚ್ಚಿನವು ತೆರೆದಂತೆಯೇ ಕಾಣುತ್ತವೆ. ವೈರು ತುಂಡಾಗಿದೆ ಎಂದುಕೊಂಡು ಎಷ್ಟೋ ಜನ ಒಳ್ಳೆಯ ವೈರನ್ನು ಬಿಟ್ಟುಬಿಟ್ಟಿದ್ದಾರೆ. ಮೂವತ್ತು ವರ್ಷ ಹಳೆಯ ಮೋಷನ್ ಸೆನ್ಸರನ್ನಂತೂ ಉಳಿಸಿಕೊಳ್ಳಬೇಡಿ. ಅದರ ವೈರು ಇಟ್ಟುಕೊಂಡು ಹೊಸ ಸೆನ್ಸರ್ ಹಾಕಿ, ಬೆಲೆ ಹೆಚ್ಚಲ್ಲ. ನಾಯಿ ಬೆಕ್ಕು ಇರುವ ಮನೆಯಾದರೆ ಹೊಸದರಿಂದ ಸುಳ್ಳು ಕೂಗೂ ಕಡಿಮೆಯಾಗುತ್ತದೆ.

ಹೊಸದಾಗಿ ಏನನ್ನು ಹಾಕಬೇಕು ಎಂಬುದಕ್ಕೆ ದಾರಿಗಳು ಹಲವು. ಹಿಂದಿನ ಮಾಲೀಕರು 2000ದ ನಂತರ ಯಾವಾಗಲಾದರೂ ಬೋರ್ಡು ಬದಲಿಸಿದ್ದು, ಅದು ವಿಸ್ಟಾ ಅಥವಾ ಡಿಎಸ್‌ಸಿ ಪವರ್ ಸೀರೀಸ್ ಆಗಿದ್ದರೆ, ಬೋರ್ಡನ್ನು ಕಿತ್ತುಹಾಕುವ ಅಗತ್ಯವೇ ಇಲ್ಲದಿರಬಹುದು. ಎನ್ವೈಸಾಲಿಂಕ್‌ನಂಥ ಸಣ್ಣ ಬೋರ್ಡೊಂದನ್ನು ಕೀಪ್ಯಾಡಿನ ವೈರಿಗೆ ಸೇರಿಸಿ, ಇಂಟರ್ನೆಟ್ಟಿನ ರೌಟರಿಗೆ ಜೋಡಿಸಿದರೆ ಅಲಾರಂನ ಸುದ್ದಿ ನಿಮ್ಮ ಮೊಬೈಲಿಗೆ ಬರುತ್ತದೆ. 1994ರ ಮೂಲ ಬೋರ್ಡೇ ಇದ್ದರೆ ಇದರ ಆಸೆ ಬಿಡಿ. ಆಗ ಅದೇ ಡಬ್ಬದೊಳಗೆ ಹೊಸ ಪ್ಯಾನೆಲ್ ಬೋರ್ಡು ಕೂರಿಸುವುದು ಒಂದು ದಾರಿ. ಹಳೆಯ ವೈರುಗಳನ್ನೆಲ್ಲ ಒಂದು ಪರಿವರ್ತಕಕ್ಕೆ ಸೇರಿಸಿ, ಅದು ವೈರಿನ ಸುದ್ದಿಯನ್ನು ವೈರ್‌ಲೆಸ್ ಸುದ್ದಿಯಾಗಿಸಿ ಹೊಸ ಕಾಲದ ಟಚ್‌ಸ್ಕ್ರೀನ್ ಪ್ಯಾನೆಲ್ಲಿಗೆ ದಾಟಿಸುವಂತೆ ಮಾಡುವುದು ಇನ್ನೊಂದು. ಎಂಟು ವೈರು ಝೋನ್ ಹಿಡಿಸುವ ಇಂಥ ಪರಿವರ್ತಕವನ್ನು ರಿಂಗ್ ಕಂಪನಿಯೂ ಮಾರುಕಟ್ಟೆಗೆ ತಂದಿದೆ. ನಿಮ್ಮಂತೆ ಕೈಕೆಲಸ ಬಲ್ಲವರಲ್ಲಿ ಕನೆಕ್ಟೆಡ್ ಎಂಬ ಬೋರ್ಡು ಜನಪ್ರಿಯ. ಅದು ಹೋಮ್ ಅಸಿಸ್ಟೆಂಟ್ ಮುಂತಾದ ಸ್ಮಾರ್ಟ್‌ಹೋಮ್ ವ್ಯವಸ್ಥೆಗೆ ಹಳೆಯ ವೈರುಗಳನ್ನು ಸೇರಿಸುತ್ತದೆ. ಕಿಟಕಿ ತೆರೆದರೆ ಏಸಿ ನಿಲ್ಲಿಸುವುದು, ಬೇಸ್‌ಮೆಂಟ್ ಬಾಗಿಲು ತೆರೆದರೆ ದೀಪ ಹತ್ತಿಸುವುದು ಇವೆಲ್ಲ ಅದರಿಂದ ಸಾಧ್ಯ. ಆದರೆ ಅದನ್ನು ಸಾಕಲು ನಿಮಗೆ ಆಸಕ್ತಿ ಇರಬೇಕು, ನೀವು ಊರಲ್ಲಿಲ್ಲದಾಗ ಮನೆಯವರಿಗೂ ಅದು ಅರ್ಥವಾಗಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಮನೆಯಲ್ಲಿ ವಯಸ್ಸಾದ ತಂದೆ ತಾಯಿ ಇದ್ದು, ಅವರು ಊರಿನಿಂದ ಬಂದು ಆರು ತಿಂಗಳು ಇದ್ದು ಹೋಗುವವರಾದರೆ, ಡಬ್ಬದೊಳಗೆ ಹೊಸ ಪ್ಯಾನೆಲ್, ಗೋಡೆಯ ಮೇಲೆ ದಪ್ಪ ಗುಂಡಿಯ ಕೀಪ್ಯಾಡ್ ಇರುವ ವ್ಯವಸ್ಥೆಯೇ ಮೇಲು. ಮೊಬೈಲಿನ ಆ್ಯಪ್ ಹುಡುಕದೆ ನಾಲ್ಕು ಅಂಕಿ ಒತ್ತಿ ಆರಿಸಬಹುದು. ಯಾವುದನ್ನೇ ಹಾಕಿ, ಕರೆಂಟ್ ಹೋದರೆ ಏನಾಗುತ್ತದೆ ಎಂದು ಮೊದಲೇ ಯೋಚಿಸಿ. ಪ್ಯಾನೆಲ್ಲಿಗೆ ಬ್ಯಾಟರಿ ಇದ್ದು ರೌಟರಿಗೆ ಇಲ್ಲದಿದ್ದರೆ ಸೈರನ್ ಮನೆಯೊಳಗೆ ಕೂಗುತ್ತದೆ, ಸುದ್ದಿ ಮಾತ್ರ ಹೊರಗೆ ಹೋಗುವುದಿಲ್ಲ. ರೌಟರಿಗೊಂದು ಸಣ್ಣ ಯುಪಿಎಸ್ ಹಾಕಿ, ಇಲ್ಲವೇ 4ಜಿ ಜಾಲದ ಆಸರೆಯೂ ಇರುವ ಪ್ಯಾನೆಲ್ ಕೊಳ್ಳಿ.

ಇನ್ನು, ನೀವಾಗಿ ಕೈಹಾಕಬಾರದ ಒಂದು ಜಾಗ ಇದೆ. ಆ ಗೊಂಚಲಿನಲ್ಲಿ ಹೊಗೆ ಪತ್ತೆಹಚ್ಚುವ ಸ್ಮೋಕ್ ಡಿಟೆಕ್ಟರುಗಳ ವೈರೂ ಇರಬಹುದು. ಅವುಗಳಲ್ಲಿ ಎರಡು ಎಳೆಯವು ವಿದ್ಯುತ್ತನ್ನೂ ಸುದ್ದಿಯನ್ನೂ ಅದೇ ಎರಡು ಎಳೆಯಲ್ಲೇ ಸಾಗಿಸುತ್ತವೆ. ಅವಕ್ಕೆ ಹೊಂದುವ ಪ್ಯಾನೆಲ್ ಬೇಕು. ಕಿಟಕಿಯ ಝೋನಿಗೆಂದು ಮಾಡಿದ ಪರಿವರ್ತಕಕ್ಕೆ ಸೇರಿಸಿದರೆ ನೋಡಲು ಎಲ್ಲ ಸರಿಯಿದ್ದಂತೆ ಕಂಡು, ಹೊಗೆ ಬಂದಾಗ ಮಾತ್ರ ಸುಮ್ಮನಿದ್ದುಬಿಡುತ್ತವೆ. ಸ್ಮೋಕ್ ಡಿಟೆಕ್ಟರಿನ ಆಯಸ್ಸು ತಯಾರಾದ ದಿನದಿಂದ ಹತ್ತು ವರ್ಷ. ತಯಾರಿಕೆಯ ತಾರೀಕು ಹಿಂಬದಿಯಲ್ಲಿ ಅಚ್ಚಾಗಿರುತ್ತದೆ, ತಿರುಗಿಸಿ ನೋಡಿ. ನೀವು ಮನೆ ಕೊಂಡಾಗ ನ್ಯೂಜೆರ್ಸಿಯ ಕಾನೂನಿನಂತೆ ಹೊಗೆ ಮತ್ತು ಕಾರ್ಬನ್ ಮಾನಾಕ್ಸೈಡ್ ಅಲಾರಂಗಳ ಪ್ರಮಾಣಪತ್ರ ಸಿಕ್ಕಿರಬೇಕು. ಆ ತಪಾಸಣೆಯಲ್ಲಿ ಲೆಕ್ಕಕ್ಕೆ ಬಂದದ್ದು ಈ ಹಳೆಯ ಪ್ಯಾನೆಲ್ಲಿನ ಡಿಟೆಕ್ಟರುಗಳೋ ಬೇರೆಯವೋ ಎಂದು ಮೊದಲು ತಿಳಿದುಕೊಳ್ಳಿ. ಈ ಭಾಗವನ್ನು ಪರವಾನಗಿ ಇರುವವರಿಂದಲೇ ಮಾಡಿಸಿ. ಕಳ್ಳ ಬಂದರೆ ಹೋಗುವುದು ವಸ್ತು, ಹೊಗೆ ತುಂಬಿದರೆ ಹೋಗುವುದು ಮನೆಮಂದಿಯ ಜೀವ.

ಸೈರನ್ನಿನಲ್ಲೂ ಒಂದು ಮೋಸವಿದೆ. 90ರ ದಶಕದ ಎಷ್ಟೋ ಮನೆಗಳಲ್ಲಿ ಗೋಡೆಯ ಮೇಲಿರುವುದು ಸೈರನ್ ಅಲ್ಲ, 8 ಓಮ್‌ನ ಬರಿಯ ಸ್ಪೀಕರ್. ಕೂಗನ್ನು ಹುಟ್ಟಿಸುತ್ತಿದ್ದುದು ಹಳೆಯ ಬೋರ್ಡು ಅಥವಾ ಅದರ ಪಕ್ಕದ ಸಣ್ಣ ಡ್ರೈವರ್. ಹೊಸ ಪ್ಯಾನೆಲ್ ಕೊಡುವುದು ನೇರ 12 ವೋಲ್ಟ್ ಮಾತ್ರ. ಅದನ್ನು ಸ್ಪೀಕರಿಗೆ ಕೊಟ್ಟರೆ ಒಮ್ಮೆ ಟಪ್ ಎಂದು ಸದ್ದು ಮಾಡಿ ಸುರುಳಿ ಸುಟ್ಟುಹೋಗುತ್ತದೆ. ಬಿಡಿಸಿದ ವೈರಿಗೆ ಮೀಟರ್ ಹಿಡಿದು ನೋಡಿ. 8ರ ಆಸುಪಾಸು ಕಂಡರೆ ಸ್ಪೀಕರ್. ಅದನ್ನು ತೆಗೆದು, ಅದೇ ವೈರಿಗೆ 12 ವೋಲ್ಟಿನ ಸೈರನ್ ಹಾಕಿ.

ಲ್ಯಾಂಡ್‌ಲೈನ್ ಇನ್ನೂ ಇಟ್ಟುಕೊಂಡಿದ್ದರೆ ಪ್ಯಾನೆಲ್ಲಿಗೆ ಹೋಗುವ ಫೋನ್ ವೈರನ್ನು ಕತ್ತರಿಸಬೇಡಿ. ಮನೆಯ ಫೋನ್ ಲೈನು ಪ್ಯಾನೆಲ್ ಹೊಕ್ಕು ಹೊರಬರುವಂತೆ ಜೋಡಿಸಿರುತ್ತಾರೆ. ಎಂಟು ಪಿನ್ನಿನ ಒಂದು ಜ್ಯಾಕ್ ಹತ್ತಿರದಲ್ಲೇ ಇರುತ್ತದೆ. ಪ್ಲಗ್ ಎಳೆದರೆ ಜ್ಯಾಕ್ ತನ್ನಷ್ಟಕ್ಕೆ ಲೈನನ್ನು ಕೂಡಿಸಿಕೊಳ್ಳುತ್ತದೆ. ಕತ್ತರಿಸಿದರೆ ಮನೆಯ ಫೋನೆಲ್ಲ ಸತ್ತುಹೋಗುತ್ತದೆ.

ಪ್ರಶ್ನಾರ್ಥಕ ಚಿಹ್ನೆ ಹಾಕಿದ ಕಿಟಕಿಗಳ ಮಾತು ಬಾಕಿಯಿದೆ. ಹಳೆಯ ಮರದ ಕಿಟಕಿ ತೆಗೆದು ವಿನೈಲ್ ಕಿಟಕಿ ಹಾಕಿಸಿದಾಗ ಸ್ವಿಚ್ಚನ್ನು ಕಿತ್ತು, ವೈರಿನ ಎರಡು ತುದಿಯನ್ನು ತಿರುಚಿ ಕೂಡಿಸಿ, ಚೌಕಟ್ಟಿನ ಹಿಂದೆ ತೂರಿಸಿಬಿಡುವುದು ಸಾಮಾನ್ಯ. ವೈರು ಅಲ್ಲೇ ಇದೆ, ಕಾಣುವುದಿಲ್ಲ ಅಷ್ಟೆ. ವೈರಿನ ಒಂದು ತುದಿಗೆ ಸ್ವರ ಕಳಿಸಿ, ಗೋಡೆಯ ಮೇಲೆ ಕಡ್ಡಿಯಾಡಿಸಿ ಕೇಳಿಸಿಕೊಳ್ಳುವ ಟೋನ್ ಜನರೇಟರ್ ಜೋಡಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದರಿಂದ ತುದಿ ಎಲ್ಲಿದೆ ಎಂದು ಪತ್ತೆ ಮಾಡಬಹುದು. ಸಿಕ್ಕಿದ ಮೇಲೆ ವಿನೈಲ್ ಚೌಕಟ್ಟಿಗೆ ತೂತು ಕೊರೆಯಬೇಡಿ. ನೀರು ಒಳಗಿಳಿಯುತ್ತದೆ, ಕಿಟಕಿಯ ವಾರಂಟಿಯೂ ಹೋದೀತು. ಮೇಲೆ ಅಂಟಿಸುವ ತೆಳು ಸ್ವಿಚ್ಚು ಸಾಕು. ವೈರು ಸಿಗದ ಒಂದೆರಡು ಕಿಟಕಿಗೆ ವೈರ್‌ಲೆಸ್ ಸೆನ್ಸರ್ ಹಾಕಲು ಅಡ್ಡಿಯಿಲ್ಲ. ಎರಡನ್ನೂ ಒಪ್ಪುವ ಪ್ಯಾನೆಲ್ ಕೊಂಡರಾಯಿತು.

ಇದನ್ನು ಓದುತ್ತಿರುವ ಕರ್ನಾಟಕದ ಓದುಗರಿಗೂ ಒಂದು ಮಾತು. ನಮ್ಮಲ್ಲಿ ಇಟ್ಟಿಗೆ, ಬ್ಲಾಕ್ ಗೋಡೆಯ ಮನೆಗಳಿಗೆ ಇಂಥ ವೈರು ಎಳೆಸಿದವರು ಕಡಿಮೆ. ಈಗ ಮನೆ ಕಟ್ಟಿಸುತ್ತಿದ್ದರೆ, ಪ್ಲಾಸ್ಟರಿಂಗ್ ಆಗುವ ಮೊದಲು ಬಾಗಿಲು ಕಿಟಕಿಗಳ ಮೇಲ್ತುದಿಯಿಂದ ಒಂದು ಜಾಗಕ್ಕೆ ಬೇರೆಯೇ ಪಿವಿಸಿ ಪೈಪು ಹಾಕಿಸಿಕೊಳ್ಳಿ, ವೈರು ಆಮೇಲೆ ಎಳೆದರೂ ಆದೀತು. 230 ವೋಲ್ಟಿನ ವೈರಿರುವ ಪೈಪಿನೊಳಗೆ ಅಲಾರಂ ವೈರು ತೂರಿಸಲು ಎಲೆಕ್ಟ್ರಿಷಿಯನ್ ಹೊರಟರೆ ಒಪ್ಪಬೇಡಿ.

ಎಡಿಸನ್ನಿನ ಓದುಗರಿಗೆ ಕೊನೆಯದಾಗಿ: ಅಲಾರಂ ಪೊಲೀಸರಿಗೆ ಮುಟ್ಟುವಂತೆ ಮಾಡುವ ಮೊದಲು ನಿಮ್ಮ ಟೌನ್‌ಶಿಪ್‌ನಲ್ಲಿ ನೋಂದಣಿ ಬೇಕೇ, ಸುಳ್ಳು ಅಲಾರಂಗೆ ದಂಡವಿದೆಯೇ ಎಂದು ವಿಚಾರಿಸಿ. ಕಂಪನಿಯವರನ್ನು ಕರೆಸುವುದಾದರೆ ರಾಜ್ಯದ ಪರವಾನಗಿ ಸಂಖ್ಯೆ ಕೇಳಿ, ಮತ್ತು ‘ಇರುವ ವೈರುಗಳನ್ನೇ ಬಳಸಬೇಕು, ಒಂದನ್ನೂ ಕತ್ತರಿಸಬಾರದು’ ಎಂದು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಎಷ್ಟು ವರ್ಷದ ಕರಾರು, ಮುಗಿದ ಮೇಲೆ ತಾನಾಗಿ ಮುಂದುವರಿಯುತ್ತದೆಯೇ ಎಂಬುದನ್ನೂ ಸಹಿಗೆ ಮೊದಲು ಓದಿ. ನೀವೇ ಮಾಡುವುದಾದರೆ, ಝೋನ್ ಪಟ್ಟಿ, ಮುಚ್ಚಿದಾಗ ಮತ್ತು ತೆರೆದಾಗ ಅಳೆದ ಓಮ್, ಬೋರ್ಡಿನ ಫೋಟೊ ಈ ಮೂರನ್ನೂ ಕಳುಹಿಸಿಕೊಡಿ. ಯಾವ ಪ್ಯಾನೆಲ್ ಹೊಂದುತ್ತದೆ, ಯಾವ ವೈರಿಗೆ ಎಷ್ಟರ ರೆಸಿಸ್ಟರ್ ಬೇಕು ಎಂದು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.